ಸಿಟ್ಟು ಯಾರ ಮೇಲೆ, ಮದುವೆ ಯಾರ ಜೊತೆ? ಇಂಗ್ಲಿಷ್ ಪದಗಳ ಸಹವಾಸ

(ಬೆಳಗಾವಿಯ ಟಿಳಕವಾಡಿಯಲ್ಲಿ ಪದವಿ ವಿದ್ಯಾರ್ಥಿಗಳು, ನೌಕರಿ ಪರೀಕ್ಷೆಗೆ ಓದುತ್ತಿರುವವರು ಮತ್ತು ಹೈಸ್ಕೂಲು ಶಿಕ್ಷಕರ ಎದುರು ಮಾಡಿದ ಭಾಷಣದ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ನಮ್ಮ ‘ಹತ್ತು’ ಅನ್ನುವ ಕ್ರಿಯಾಪದದಿಂದ ಶುರು ಮಾಡುತ್ತೇನೆ. ಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ. ಅದು ಸರಿ, ಮೇಲಕ್ಕೆ ಏರುವ ಕೆಲಸ. ಆದರೆ ಬೆಂಕಿಯೂ ಹತ್ತುತ್ತದೆ. ನಿದ್ದೆಯೂ ಹತ್ತುತ್ತದೆ. ಎಲೆ ಅಡಿಕೆಯ ಚಟ ಹತ್ತುತ್ತದೆ. ಪೊಲೀಸರು ಕಳ್ಳನ ಬೆನ್ನು ಹತ್ತುತ್ತಾರೆ. ಸಾಲ ಮಾಡಿ ಬಿತ್ತಿದ ಬೆಳೆ ಈ ಸಲ ಕೈ ಹತ್ತಲಿಲ್ಲ ಅಂತ ರೈತ ಹೇಳುತ್ತಾನೆ. ಕಡೆಗೆ ‘ಮಳಿ ಬರಾಕ ಹತ್ತೇತಿ’ ಅನ್ನುವಾಗ ಏರುವ ಮಾತೇ ಇಲ್ಲ, ಕೆಲಸ ನಡೆಯುತ್ತಿದೆ ಅಂತ ಅಷ್ಟೇ. ಇದನ್ನೆಲ್ಲ ನಿಮಗೆ ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ, ಅಲ್ವಾ? ಮೈಸೂರು ಕಡೆಯಿಂದ ವರ್ಗವಾಗಿ ಬಂದವರನ್ನು ಕೇಳಿ ನೋಡಿ. ‘ಹತ್ತು’ ಅವರಿಗೂ ಗೊತ್ತು. ‘ಕೈ ಹತ್ತಲಿಲ್ಲ’ ಅಂದರೆ ಮಾತ್ರ ಒಂದು ಕ್ಷಣ ಸುಮ್ನೆ ನೋಡುತ್ತಾರೆ.

ಇಂಗ್ಲಿಷಿನ ಗೆಟ್, ಪುಟ್, ಗೋ, ಟೇಕ್, ಸೆಟ್ ಇಂಥವೇ ಪದಗಳು. ಒಂಟಿಯಾಗಿ ನಿಲ್ಲಿಸಿದರೆ ಎರಡನೇ ಕ್ಲಾಸಿನ ಹುಡುಗನಿಗೂ ಅರ್ಥ ಗೊತ್ತು. ಪಕ್ಕಕ್ಕೆ ಒಂದು ಅಪ್, ಒಂದು ಆಫ್, ಒಂದು ವಿತ್ ಬಂತು ಅಂದರೆ ಎಂ.ಎ. ಮಾಡಿದವರೂ ತಡವರಿಸುತ್ತಾರೆ. ಇದು ನಮ್ಮೊಬ್ಬರ ಗೋಳೂ ಅಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ನಿಘಂಟನ್ನು ಹೊರತಂದಾಗ ಮುನ್ನುಡಿಯಲ್ಲೇ ಇದನ್ನು ಒಪ್ಪಿಕೊಂಡರು. ಕ್ರಿಯಾಪದ ಆದಮೇಲೆ ಒಂದು ಸಣ್ಣ ಪದ ಅಂಟಿಸಿ ಅರ್ಥ ಬದಲಿಸುವ ಚಾಳಿ ನಮ್ಮ ಭಾಷೆಯಲ್ಲಿ ಬೇರೆ ಭಾಷೆಗಳಿಗಿಂತ ಜಾಸ್ತಿ, ಹೊರಗಿನವರಿಗೆ ಅತಿ ಕಷ್ಟ ಆಗೋದು ಇಲ್ಲೇ ಅಂತ ಬರೆದರು. ಕಮ್ ಆಫ್, ಫಾಲ್ ಆನ್, ಬ್ರೇಕ್ ಆಫ್ ಇಂಥವನ್ನೇ ಉದಾಹರಣೆ ಕೊಟ್ಟರು. ನಿಘಂಟು ಬರೆದವರೇ ಹೀಗೆ ಹೇಳಿದ ಮೇಲೆ ನಾವು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಈಗ ನಮ್ಮ ತಪ್ಪುಗಳಿಗೆ ಬರೋಣ. ನಾನು ನೋಡಿದ ಮಟ್ಟಿಗೆ ಅವು ಅಡ್ಡಾದಿಡ್ಡಿ ಬರುವುದಿಲ್ಲ. ಪ್ರತಿ ತಪ್ಪಿನ ಹಿಂದೆ ಒಂದು ಕನ್ನಡ ಪ್ರತ್ಯಯ ನಿಷ್ಠೆಯಿಂದ ಕೆಲಸ ಮಾಡುತ್ತಾ ಇರುತ್ತದೆ. ‘ನನಗೆ ಅವನ ಮೇಲೆ ಸಿಟ್ಟು’ ಅನ್ನುತ್ತೇವೆ. ಮೇಲೆ ಅಂದರೆ ಆನ್. ಹಾಗಾಗಿ ‘ಐ ಆಮ್ ಆಂಗ್ರಿ ಆನ್ ಹಿಮ್’. ‘ಅವಳ ಜೊತೆ ಮದುವೆ ಆಯಿತು’ ಅನ್ನುತ್ತೇವೆ. ಜೊತೆ ಅಂದರೆ ವಿತ್. ಹಾಗಾಗಿ ‘ಮ್ಯಾರೀಡ್ ವಿತ್ ಹರ್’. ಇಂಗ್ಲಿಷಿನವರು ಆಂಗ್ರಿ ವಿತ್ ಅನ್ನುತ್ತಾರೆ, ಮ್ಯಾರೀಡ್ ಟು ಅನ್ನುತ್ತಾರೆ. ನಾವು ವಿತ್ ಇಟ್ಟ ಕಡೆ ಅವರಿಗೆ ಟು ಬೇಕು, ನಾವು ಆನ್ ಇಟ್ಟ ಕಡೆ ವಿತ್ ಬೇಕು.

ಬೆಳಗಾವಿಯಲ್ಲಿ ಇದಕ್ಕೆ ಇನ್ನೊಂದು ಎಳೆತ ಇದೆ. ಇಲ್ಲಿ ಓಣಿಗೊಂದು ಭಾಷೆ, ಕೆಲವು ಮನೆಯಲ್ಲಿ ಕೋಣೆಗೊಂದು ಭಾಷೆ. ಮರಾಠಿಯವರಿಗೂ ಸಿಟ್ಟು ‘ತ್ಯಾಚ್ಯಾವರ್’, ಅವನ ಮೇಲೇ. ಕೇಳುವ ವಿಷಯಕ್ಕೆ ಬನ್ನಿ. ದಕ್ಷಿಣದ ಕಡೆ ‘ಅವನನ್ನು ಕೇಳು’ ಅನ್ನುತ್ತಾರೆ. ನಾವು ‘ಅವಂಗ ಕೇಳು’ ಅನ್ನುತ್ತೇವೆ. ಮರಾಠಿಯಲ್ಲೂ ‘ತ್ಯಾಲಾ ವಿಚಾರ್’. ಹಾಗಾಗಿ ಖಡೇಬಜಾರಿನ ಅಂಗಡಿಯಲ್ಲಿ ಕನ್ನಡದ ಹುಡುಗ, ಮರಾಠಿ ಹುಡುಗ ಇಬ್ಬರೂ ‘ಆಸ್ಕ್ ಟು ಹಿಮ್’ ಅನ್ನುತ್ತಾರೆ. ಇಬ್ಬರ ಮನೆಯ ಪಾಠವೂ ಒಂದೇ. ಶಾಲೆಯಲ್ಲಿ ಮೇಷ್ಟ್ರು ಆ ‘ಟು’ವಿಗೆ ಕೆಂಪು ಗೆರೆ ಎಳೆಯುತ್ತಾರೆ. ಅದು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಹೇಳಿದರೆ ಹುಡುಗ ಮುಂದಿನ ಸಲ ತನ್ನ ನಾಲಿಗೆಯನ್ನು ತಾನೇ ಹಿಡಿಯುತ್ತಾನೆ.

ಇಂಗ್ಲಿಷಿನವರು ಸಿಟ್ಟಿಗೆ ವಿತ್ ಯಾಕೆ ಇಟ್ಟರು? ಇದಕ್ಕೊಂದು ಕಥೆ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವಿತ್ ಅಂದರೆ ಮುಖ್ಯವಾಗಿ ‘ಎದುರು’, ‘ವಿರುದ್ಧ’. ಜೊತೆ ಅನ್ನುವುದಕ್ಕೆ ಅವರ ಹತ್ತಿರ ‘ಮಿಡ್’ ಅನ್ನುವ ಬೇರೆ ಪದ ಇತ್ತು. ಕಾಲ ಕಳೆದಂತೆ ಮಿಡ್ ಹೋಯಿತು, ಅದರ ಜಾಗಕ್ಕೆ ವಿತ್ ಬಂದು ಕೂತಿತು. ಆದರೂ ಹಳೆಯ ಗುರುತು ಅಲ್ಲಲ್ಲಿ ಉಳಿದಿದೆ. ವಿತ್‌ಸ್ಟ್ಯಾಂಡ್ ಅಂದರೆ ಎದುರಾಗಿ ನಿಲ್ಲುವುದು. ಫೈಟ್ ವಿತ್, ಕ್ವಾರಲ್ ವಿತ್ ಇವುಗಳಲ್ಲೂ ಆ ಎದುರುತನವೇ ಇದೆ. ಆಂಗ್ರಿ ವಿತ್ ಅನ್ನೂ ಆ ಸಾಲಿನಲ್ಲೇ ಇಟ್ಟುಕೊಳ್ಳಿ, ನೆನಪು ಉಳಿಯುತ್ತದೆ. ಸತ್ತುಹೋದ ಮಿಡ್‌ನ ಎಲುಬು ಮಿಡ್‌ವೈಫ್‌ನಲ್ಲಿದೆ. ಹೆರಿಗೆಯ ಹೊತ್ತಿನಲ್ಲಿ ಹೆಣ್ಣಿನ ಜೊತೆ ಇರುವವಳು, ನಮ್ಮ ಸೂಲಗಿತ್ತಿ. ಕನ್ನಡದಲ್ಲೂ ನೋಡಿ, ‘ಅವನ ಜೊತೆ ಊಟ ಮಾಡಿದೆ’, ‘ಅವನ ಜೊತೆ ಜಗಳ ಆಡಿದೆ’. ಎರಡಕ್ಕೂ ಜೊತೆಯೇ. ನಾವೂ ಅಷ್ಟೇನೂ ಅಚ್ಚುಕಟ್ಟಿನವರಲ್ಲ.

ಇನ್ನೊಂದು ಮಜಾ ‘ಆಫ್’ದು. ಗಂಡನ ಹೆಸರು ಬರೆಯುವಾಗ ‘ವೈಫ್ ಆಫ್’ ಅನ್ನುತ್ತೇವೆ, ಫ್ಯಾನ್ ಬಂದ್ ಮಾಡುವಾಗ ‘ಆಫ್’ ಮಾಡುತ್ತೇವೆ. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಇಂಗ್ಲಿಷಿನವರು ಎರಡು ಥರ (of, off) ಬರೆಯುತ್ತಾರೆ, ಎರಡು ಥರ ಉಚ್ಚರಿಸುತ್ತಾರೆ. ಆದರೆ ಮೂಲದಲ್ಲಿ ಅವು ಒಂದೇ ಪದ! ಅರ್ಥ ‘ದೂರ’, ‘ಅಲ್ಲಿಂದ’. ಒತ್ತಿ ಹೇಳಿದ್ದು ಒಂದು ರೂಪ ಆಯಿತು, ಹಗುರವಾಗಿ ಹೇಳಿದ್ದು ಇನ್ನೊಂದಾಯಿತು. ಇಷ್ಟು ತಿಳಿದರೆ ಒಂದು ಗುಂಪೇ ಬಗೆಹರಿಯುತ್ತದೆ. ಫ್ರೀ ಆಫ್, ಇಂಡಿಪೆಂಡೆಂಟ್ ಆಫ್, ಗೆಟ್ ರಿಡ್ ಆಫ್, ಕ್ಯೂರ್ಡ್ ಆಫ್, ರಾಬ್ಡ್ ಆಫ್. ಎಲ್ಲದರಲ್ಲೂ ಏನೋ ಒಂದರಿಂದ ಬಿಡುಗಡೆ ಅಥವಾ ಕಳವು. ‘ಡೈ ಆಫ್ ಕಾಲರಾ’ದಲ್ಲಿ ಸಾವು ಕಾಲರಾದಿಂದ ಬಂತು. ‘ಅಫ್ರೇಡ್ ಆಫ್ ಡಾಗ್ಸ್’ನಲ್ಲಿ ಭಯ ನಾಯಿಯಿಂದ ಬಂತು. ನಾವು ‘ನಾಯಿಗೆ ಅಂಜುತ್ತಾನೆ’ ಅನ್ನುವುದರಿಂದ ‘ಅಫ್ರೇಡ್ ಟು ಡಾಗ್ಸ್’ ಅಂತ ಬಾಯಿಗೆ ಬರುತ್ತದೆ. ಅವರಿಗೆ ಭಯ ನಾಯಿಯ ಕಡೆಯಿಂದ ಇತ್ತ ಬರುತ್ತದೆ, ನಮಗೆ ಭಯ ನಾಯಿಯ ಕಡೆಗೆ ಹೋಗುತ್ತದೆ.

ಎಲ್ಲ ಪ್ರಿಪೊಸಿಶನ್ನಿಗೂ, ಅಂದರೆ ವಿತ್, ಟು, ಆಫ್ ಥರದ ಸಣ್ಣ ಪದಗಳಿಗೂ, ಇಂಥ ಕಥೆ ಸಿಗುತ್ತದೆ ಅಂತ ತಿಳಿಯಬೇಡಿ. ಗುಡ್ ಅಟ್ ಮ್ಯಾಥ್ಸ್ ಅಂತ ಯಾಕೆ? ರೂಢಿ, ಅಷ್ಟೇ. ಗಣಿತದಾಗ ಶಾಣ್ಯಾ ಇದ್ದವ ಗುಡ್ ಅಟ್ ಮ್ಯಾಥ್ಸ್. ಮಕ್ಕಳನ್ನು ಸಂಭಾಳಿಸುವುದು ಗೊತ್ತಿದ್ದವ ಗುಡ್ ವಿತ್ ಚಿಲ್ಡ್ರನ್. ಮೆಂತ್ಯೆ ಪಲ್ಯ ಗುಡ್ ಫಾರ್ ಹೆಲ್ತ್. ಕಷ್ಟಕ್ಕೆ ಆದ ಸೋದರಮಾವ ವಾಸ್ ಗುಡ್ ಟು ಮಿ. ಅಡ್ಜೆಕ್ಟಿವ್ ಒಂದೇ, ನಾಲ್ಕು ಸಹವಾಸ, ನಾಲ್ಕು ಬೇರೆ ಮಾತು. ಗುಡ್ ಅನ್ನುವುದಕ್ಕೆ ಎದುರಿಗೆ ‘ಒಳ್ಳೆಯ’ ಅಂತ ಬರೆದ ಪುಸ್ತಕ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಸಾರಿ ಅನ್ನುವ ಪದವೂ ಹಾಗೇ. ‘ಐ ಆಮ್ ಸಾರಿ ಅಬೌಟ್ ದ ಡಿಲೇ’ ಅಂದರೆ ತಡ ಆಯಿತು ಕ್ಷಮಿಸಿ. ‘ಐ ಆಮ್ ಸಾರಿ ಫಾರ್ ಯುವರ್ ಬ್ರದರ್’ ಅಂದರೆ ನಿಮ್ಮ ಅಣ್ಣನ ಪಾಡು ನೋಡಿ ಅಯ್ಯೋ ಅನಿಸುತ್ತದೆ. ಅಣ್ಣನ ಎದುರಿಗೆ ಹೇಳಿದರೆ ಅವನಿಗೆ ಸಿಟ್ಟು ಬಂದೀತು.

ಇಷ್ಟರಲ್ಲೂ ಒಂದು ಜಾಗದಲ್ಲಿ ಮಾತ್ರ ಗಟ್ಟಿ ನಿಯಮ ಇದೆ, ನಮ್ಮ ಅರ್ಧ ತಪ್ಪು ಅಲ್ಲೇ ಆಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

‘ಡಿಸ್ಕಸ್ ಅಬೌಟ್’ ತಪ್ಪು ಅಂತ ಎಲ್ಲರಿಗೂ ಗೊತ್ತು. ಆದರೂ ಅದು ಸಾಯುವುದಿಲ್ಲ. ಮೀಟಿಂಗಿನಲ್ಲಿ, ನೋಟೀಸಿನಲ್ಲಿ, ಇಂಟರ್‌ವ್ಯೂನಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾಕೆ ಅಂದರೆ ಅದಕ್ಕೆ ಎರಡು ಕಡೆಯಿಂದ ಆಸರೆ ಇದೆ. ಒಂದು, ನಮ್ಮ ‘ಬಗ್ಗೆ ಚರ್ಚಿಸು’. ಎರಡನೆಯದು ಇಂಗ್ಲಿಷಿನ ಒಳಗೇ ಇದೆ. ‘ಎ ಡಿಸ್ಕಶನ್ ಅಬೌಟ್ ವಾಟರ್’ ಪೂರ್ತಿ ಸರಿ. ಈ ಗುಂಪಿನ ಪದಗಳಲ್ಲಿ ನಾಮಪದಕ್ಕೆ ಪ್ರಿಪೊಸಿಶನ್ ಬೇಕು, ಕ್ರಿಯಾಪದಕ್ಕೆ ಬೇಡ. ಡಿಸ್ಕಶನ್ ಅಬೌಟ್ ವಾಟರ್, ಆದರೆ ಡಿಸ್ಕಸ್ ವಾಟರ್. ರಿಕ್ವೆಸ್ಟ್ ಫಾರ್ ಲೀವ್, ಆದರೆ ಕ್ರಿಯೆಯಾದಾಗ ರಿಕ್ವೆಸ್ಟ್ ಲೀವ್. ಎಂಫಸಿಸ್ ಆನ್ ಗ್ರಾಮರ್, ಆದರೆ ಎಂಫಸೈಝ್ ಗ್ರಾಮರ್. ಆನ್ ಆರ್ಡರ್ ಫಾರ್ ಟೀ, ಆದರೆ ಹೋಟೆಲಿನಲ್ಲಿ ಕೂತು ಆರ್ಡರ್ ಟೀ. ಅಟ್ಯಾಕ್ ಆನ್ ದ ಫೋರ್ಟ್, ಆದರೆ ಅಟ್ಯಾಕ್ ದ ಫೋರ್ಟ್. ಲ್ಯಾಕ್ ಆಫ್ ಮನಿ, ಆದರೆ ದೇ ಲ್ಯಾಕ್ ಮನಿ. ರಿಸೆಂಬ್ಲನ್ಸ್ ಟು ಹರ್ ಮದರ್, ಆದರೆ ಶಿ ರಿಸೆಂಬಲ್ಸ್ ಹರ್ ಮದರ್. ಆನ್ಸರ್, ಕಾಂಟ್ಯಾಕ್ಟ್ ಎಲ್ಲ ಇದೇ ಸಂಸಾರ.

ನಾವು ಮಾಡುವುದು ಏನು? ನಾಮಪದದ ಪ್ರಿಪೊಸಿಶನ್ ಎತ್ತಿ ಕ್ರಿಯಾಪದಕ್ಕೆ ತೊಡಿಸುತ್ತೇವೆ. ತಾಯಿಯ ಸೀರೆ ಮಗಳಿಗೆ ಉಡಿಸಿದ ಹಾಗೆ. ಬಟ್ಟೆ ಅದೇ ಮನೆಯದು, ಅಳತೆ ಮಾತ್ರ ಬೇರೆ. ಇಷ್ಟು ಹೇಳಿಕೊಟ್ಟರೆ ಡಿಸ್ಕಸ್, ರಿಕ್ವೆಸ್ಟ್, ಎಂಫಸೈಝ್ ಒಂದೊಂದನ್ನೂ ಬೇರೆ ಬೇರೆ ತಪ್ಪು ಅಂತ ಕಲಿಸುವ ಕೆಲಸ ಇಲ್ಲ. ಎಲ್ಲವೂ ಒಂದೇ ತಪ್ಪು. ಎಂಟರ್ ಒಂದು ಮಾತ್ರ ಸ್ವಲ್ಪ ತರಲೆ. ಕೋಣೆಗೆ ಹೋಗುವಾಗ ಎಂಟರ್ ದ ರೂಮ್. ಕರಾರು ಮಾಡಿಕೊಳ್ಳುವಾಗ ಎಂಟರ್ ಇನ್‌ಟು ಆ್ಯನ್ ಅಗ್ರಿಮೆಂಟ್. ಮನೆ ಬಾಡಿಗೆ ಕರಾರು ಪತ್ರ ಯಾವುದಾದರೂ ಇದ್ದರೆ ತೆಗೆದು ನೋಡಿ, ಅಲ್ಲಿ ಇನ್‌ಟು ಸರಿಯಾಗಿಯೇ ಇರುತ್ತದೆ.

ಇದಕ್ಕೆ ಹತ್ತಿರದ್ದೇ ಇನ್ನೊಂದು. ‘ನನಗೆ ಹೇಳು’, ‘ನನಗೆ ಕೊಡು’, ‘ನನಗೆ ವಿವರಿಸು’, ‘ನನಗೆ ಸೂಚಿಸು’. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಟೆಲ್ ಮಿ, ಗಿವ್ ಮಿ, ಶೋ ಮಿ ಸರಿ. ಎಕ್ಸ್‌ಪ್ಲೇನ್ ಮಿ, ಸಜೆಸ್ಟ್ ಮಿ ತಪ್ಪು. ಅಲ್ಲಿ ಎಕ್ಸ್‌ಪ್ಲೇನ್ ಇಟ್ ಟು ಮಿ ಆಗಬೇಕು. ಸಾಮಾನ್ಯವಾಗಿ ಮನೆಮಾತಿನ ಗಿಡ್ಡ ಪದಗಳು ‘ಮಿ’ಯನ್ನು ಪಕ್ಕಕ್ಕೇ ಕೂರಿಸಿಕೊಳ್ಳುತ್ತವೆ. ಲ್ಯಾಟಿನ್‌ನಿಂದ ಬಂದ ಉದ್ದ ಪದಗಳು ನಡುವೆ ‘ಟು’ ಇಟ್ಟು ದೂರ ಕೂರಿಸುತ್ತವೆ. ಆಫರ್, ಪ್ರಾಮಿಸ್ ಹಾಗೆ ಮಾಡುವುದಿಲ್ಲ, ಅವು ಅಪವಾದ. ಈ ಥರದ ವಿವರ ನಿಘಂಟಿನಲ್ಲಿ ಇರಬೇಕು ಅಂತ ಹಟ ಹಿಡಿದವರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ನಿಘಂಟು ಮೊದಲು ಹೊರಬಂದದ್ದು 1942ರಲ್ಲಿ, ಟೋಕಿಯೋದಲ್ಲಿ. ಪದದ ಅರ್ಥ ಹೇಳಿ ಬಿಡುವುದಲ್ಲದೆ ಕ್ರಿಯಾಪದದ ಮುಂದೆ ಯಾವ ರಚನೆ ಬರುತ್ತದೆ ಅಂತಲೂ ಗುರುತು ಹಾಕಿದ ನಿಘಂಟು ಅದು. ಕಲಿಯುವವರಿಗೆ ಬೇಕಾದ ನಿಘಂಟು ಏಷ್ಯಾದ ಕ್ಲಾಸ್‌ರೂಮಿನಿಂದ ಹುಟ್ಟಿತು ಅನ್ನುವುದು ನನಗೆ ತುಂಬಾ ಸರಿ ಅನಿಸುತ್ತದೆ. ಲಂಡನ್ನಿನಲ್ಲಿ ಹುಟ್ಟಿದವನಿಗೆ ‘ಎಕ್ಸ್‌ಪ್ಲೇನ್ ಮಿ’ ತಪ್ಪು ಅಂತ ಬರೆದಿಡಬೇಕು ಅಂತ ಹೊಳೆಯುವುದೇ ಇಲ್ಲ.

ಇನ್ನು ಆಫೀಸಿನ ಇಂಗ್ಲಿಷ್. ಇಲ್ಲಿ ಸರ್ಕಾರಿ ನೌಕರರೂ ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ‘ಫೈಲ್ ಪುಟ್‌ಅಪ್ ಮಾಡ್ರಿ’ ಅನ್ನುವ ಮಾತು ಕೇಳದ ಕಚೇರಿ ಇಲ್ಲ. ಗುಮಾಸ್ತರು ಟಿಪ್ಪಣಿ ಬರೆದು, ಟ್ಯಾಗ್ ಕಟ್ಟಿ, ಸಾಹೇಬರ ಮೇಜಿಗೆ ಕಳಿಸುವುದು ಪುಟ್‌ಅಪ್. ಫೈಲು ಕೆಳಗಿನವರಿಂದ ಮೇಲಿನವರಿಗೆ ಹೋಗುವುದರಿಂದ ‘ಅಪ್’ಗೆ ಅರ್ಥ ಇದ್ದೇ ಇದೆ. ಹೊರದೇಶದವನಿಗೆ ಮಾತ್ರ ಇದು ಹೊಸದು. ಅವನ ಕಿವಿಯಲ್ಲಿ ಪುಟ್ ಅಪ್ ಅಂದರೆ ಪೋಸ್ಟರ್ ಅಂಟಿಸುವುದು, ಟೆಂಟ್ ಹೊಡೆಯುವುದು, ಅತಿಥಿಯನ್ನು ಮನೆಯಲ್ಲಿ ಇರಿಸಿಕೊಳ್ಳುವುದು. ಮುಂದೆ ಒಂದು ವಿತ್ ಸೇರಿ ಪುಟ್ ಅಪ್ ವಿತ್ ಆದರೆ ಸಹಿಸಿಕೊಳ್ಳುವುದು. ಅತಿಥಿ ಜಾಸ್ತಿ ದಿನ ನಿಂತರೆ ಮೊದಲನೆಯದು ತಾನಾಗಿ ಎರಡನೆಯದಾಗುತ್ತದೆ!

‘ಪಾಸ್ ಔಟ್’ ಕೇಳಿ. ‘ಐ ಪಾಸ್ಡ್ ಔಟ್ ಇನ್ 2019’ ಅಂತ ನಮ್ಮ ಹುಡುಗರು ಹೇಳಿದರೆ ಅಮೆರಿಕದವರು ಪಾಪ, ಯಾವಾಗ ಎಚ್ಚರ ಆಯಿತು ಅಂತ ಕೇಳಬಹುದು. ಅವರಿಗೆ ಅದು ಮೂರ್ಛೆ ಹೋಗುವುದು. ಬ್ರಿಟಿಷರಿಗೆ ಮೂರ್ಛೆಯೂ ಹೌದು, ಸೈನ್ಯದ ತರಬೇತಿ ಮುಗಿಸಿ ಹೊರಬೀಳುವುದೂ ಹೌದು. ಈ ಎರಡನೆಯದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇಲ್ಲೇ ಇದೆ, ಪಾಸಿಂಗ್ ಔಟ್ ಪರೇಡ್ ಅನ್ನುವ ಮಾತು ಊರಿಗೆಲ್ಲ ಗೊತ್ತು. ಸೈನಿಕರಿಗೆ ಹೇಳುವ ಮಾತನ್ನೇ ನಾವು ಕಾಲೇಜಿಗೂ ಹೇಳುತ್ತೇವೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಭಾರತದಾದ್ಯಂತ ಕೋಟಿಗಟ್ಟಲೆ ಜನ ಒಂದೇ ಅರ್ಥದಲ್ಲಿ ಬಳಸಿ, ಒಬ್ಬರಿಗೊಬ್ಬರು ಅರ್ಥ ಮಾಡಿಕೊಂಡರೆ ಅದು ಇಲ್ಲಿಯ ಇಂಗ್ಲಿಷ್. ವೀಸಾ ಇಂಟರ್‌ವ್ಯೂನಲ್ಲಿ ‘ಗ್ರಾಜುಯೇಟೆಡ್’ ಅನ್ನಿ, ಸಾಕು.

ಆದರೆ ‘ಕನ್ಸರ್ನ್ಡ್ ಆಫೀಸರ್’ ಬಗ್ಗೆ ನನ್ನದು ತಕರಾರಿದೆ. ‘ಪ್ಲೀಸ್ ಮೀಟ್ ದ ಕನ್ಸರ್ನ್ಡ್ ಆಫೀಸರ್.’ ಕನ್ನಡದಲ್ಲಿ ಸಂಬಂಧಪಟ್ಟ ಅಧಿಕಾರಿ. ವಿಶೇಷಣ ಮೊದಲು, ಆಮೇಲೆ ನಾಮಪದ. ಕನ್ನಡಕ್ಕೆ ಬೇರೆ ದಾರಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಕನ್ಸರ್ನ್ಡ್ ಮೊದಲು ಬಂದರೆ ಚಿಂತೆಗೊಳಗಾದ ಅಧಿಕಾರಿ, ನಾಮಪದ ಆದಮೇಲೆ ಬಂದರೆ ಸಂಬಂಧಪಟ್ಟ ಅಧಿಕಾರಿ. ದಿ ಆಫೀಸರ್ ಕನ್ಸರ್ನ್ಡ್. ರೆಸ್ಪಾನ್ಸಿಬಲ್ ಕೂಡ ಹಾಗೇ. ಎ ರೆಸ್ಪಾನ್ಸಿಬಲ್ ಪರ್ಸನ್ ಅಂದರೆ ಜವಾಬ್ದಾರಿ ಅರಿತವ. ದ ಪರ್ಸನ್ ರೆಸ್ಪಾನ್ಸಿಬಲ್ ಅಂದರೆ ಈ ಕೆಲಸಕ್ಕೆ ಹೊಣೆಗಾರ, ಎಷ್ಟೋ ಸಲ ತಪ್ಪಿತಸ್ಥ. ನಮ್ಮ ಪತ್ರಗಳಲ್ಲಿ ಎಲ್ಲ ಅಧಿಕಾರಿಗಳೂ ಚಿಂತೆಯಲ್ಲಿರುತ್ತಾರೆ. ಜನರ ಕೆಲಸದ ಬಗ್ಗೆ ಆ ಚಿಂತೆ ನಿಜವಾಗಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಕ್ರಿಯಾಪದದ ಮುಂದೆ ಅಡ್ಜೆಕ್ಟಿವ್ ಬಂದು ಕೂರುವ ವಿಷಯ. ಇದನ್ನು ಶಾಲೆಯಲ್ಲಿ ಸರಿಯಾಗಿ ಕಲಿಸುವುದೇ ಇಲ್ಲ. ಊರಿನ ಕುಂದಾ ತಿಂದು ನೆಂಟರು ‘ಇಟ್ ಟೇಸ್ಟ್ಸ್ ನೈಸ್ಲಿ’ ಅಂದರು ಅಂತ ಇಟ್ಟುಕೊಳ್ಳಿ. ಯಾಕೆ ಹಾಗೆ ಅಂದರು? ಕ್ರಿಯಾಪದದ ಪಕ್ಕ ಆ್ಯಡ್‌ವರ್ಬ್ ಬರಬೇಕು ಅಂತ ಕಲಿತಿದ್ದಾರೆ. ಜೊತೆಗೆ ಕನ್ನಡದಲ್ಲಿ ‘ಚೆನ್ನಾಗಿ ಹಾಡಿದಳು’, ‘ಕುಂದಾ ಚೆನ್ನಾಗಿದೆ’ ಎರಡಕ್ಕೂ ‘ಚೆನ್ನಾಗಿ’. ಇಂಗ್ಲಿಷಿನಲ್ಲಿ ಹಾಡುವುದು ಹುಡುಗಿ ಮಾಡಿದ ಕೆಲಸ, ಅದಕ್ಕೆ ಸ್ಯಾಂಗ್ ವೆಲ್. ಕುಂದಾ ಯಾವ ಕೆಲಸವನ್ನೂ ಮಾಡುತ್ತಿಲ್ಲ, ತಟ್ಟೆಯಲ್ಲಿ ಕೂತಿದೆ. ಹೇಳುತ್ತಿರುವುದು ಕುಂದಾ ಎಂಥದ್ದು ಅಂತ. ಹಾಗಾಗಿ ಟೇಸ್ಟ್ಸ್ ಗುಡ್. ಲುಕ್ಸ್, ಸ್ಮೆಲ್ಸ್, ಫೀಲ್ಸ್, ಸೌಂಡ್ಸ್ ಎಲ್ಲ ಇದೇ ಪಂಕ್ತಿ.

ಇನ್ನು ‘ಆಯಿತು’ ಅನ್ನುವುದಕ್ಕೆ ಅವರಲ್ಲಿ ಎಷ್ಟು ದಾರಿ ನೋಡಿ. ಬಿಕಮ್ ಒಂದನ್ನೇ ಹಿಡಿದು ನಾವು ಊರೆಲ್ಲ ಸುತ್ತುತ್ತೇವೆ. ಅವರು ಗೋ ಬ್ಯಾಡ್, ಟರ್ನ್ ಸೋರ್, ಗ್ರೋ ಓಲ್ಡ್, ಫಾಲ್ ಇಲ್, ರನ್ ಡ್ರೈ, ಕಮ್ ಟ್ರೂ ಅಂತಾರೆ. ಮನಸ್ಸಿಗೆ ಬಂದದ್ದನ್ನು ಜೋಡಿಸುವ ಹಾಗಿಲ್ಲ. ಗೋ ಓಲ್ಡ್ ಇಲ್ಲ, ಫಾಲ್ ಓಲ್ಡ್ ಇಲ್ಲ. ಆದರೆ ಇದರ ಒಳಗೊಂದು ಒಲವು ಇದೆ. ಗೋ ಬಂದರೆ ಹೆಚ್ಚಾಗಿ ಕೆಟ್ಟ ಕಡೆಗೇ ಹೋಗುತ್ತದೆ: ಗೋ ಬ್ಯಾಡ್, ಗೋ ಮ್ಯಾಡ್, ಗೋ ಬ್ಲೈಂಡ್, ಗೋ ಬಾಲ್ಡ್, ಗೋ ಬ್ಯಾಂಕ್ರಪ್ಟ್, ಗೋ ರಾಂಗ್. ಕಮ್ ಬಂದರೆ ಒಳ್ಳೆಯದಕ್ಕೂ ಜಾಗ ಇದೆ: ಕಮ್ ಟ್ರೂ, ಕಮ್ ರೈಟ್, ಕಮ್ ಅಲೈವ್. ಅಂಗಿಯ ಗುಂಡಿ ಸಡಿಲವಾದಾಗ ಕಮ್ ಲೂಸ್ ಅನ್ನುತ್ತಾರೆ, ಅದನ್ನು ಮರೆಯುವ ಹಾಗಿಲ್ಲ. ಗೋ ಗ್ರೀನ್ ಅನ್ನುವ ಘೋಷಣೆಯೂ ಇದೆ. ಒಲವು ಅಂದೆ, ನಿಯಮ ಅನ್ನಲಿಲ್ಲ.

ನಮ್ಮಲ್ಲಿ? ಹಾಳಾಗಿ ಹೋಯಿತು. ಒಣಗಿ ಹೋಯಿತು. ಸುಟ್ಟು ಹೋಯಿತು. ಸತ್ತು ಹೋದ. ಎಲ್ಲಿಗೂ ಹೋಗಿಲ್ಲ, ಆದರೂ ‘ಹೋಗು’. ಒಳ್ಳೆಯದಾದರೆ ‘ಈ ಸಲ ರೊಟ್ಟಿ ಚಲೋ ಬಂದಾವು’. ಕನ್ನಡಕ್ಕೂ ಇಂಗ್ಲಿಷಿಗೂ ನೆಂಟಸ್ತಿಕೆ ಇಲ್ಲ, ಬೇರೆ ಬೇರೆ ಮನೆತನ. ಆದರೂ ಹೋಗುವುದು ಕೆಟ್ಟದ್ದರ ಕಡೆ, ಬರುವುದು ಒಳ್ಳೆಯದರ ಕಡೆ ವಾಲಿದೆ. ಫಾಲ್ ವೇಕಂಟ್ ಅನ್ನುವುದನ್ನು ಪರೀಕ್ಷೆಗೆ ಓದುವವರು ಕೇಳಿರುತ್ತೀರಿ. ನಾವೂ ಹುದ್ದೆ ಖಾಲಿ ಬಿದ್ದಿದೆ ಅಂತೇವೆ. ಬೀಳುವುದು ಎರಡು ಕಡೆಯೂ ಇದೆ, ತುಂಬುವುದು ಯಾವಾಗ ಅಂತ ಮಾತ್ರ ಕೇಳಬೇಡಿ.

ಇದಕ್ಕಿಂತ ಸೂಕ್ಷ್ಮವಾದ್ದು ‘ಸೆಟ್ ಇನ್’. ಅರ್ಥ ಶುರುವಾಗಿ ನೆಲೆಯೂರುವುದು. ಹಾಗಾದರೆ ‘ಹ್ಯಾಪಿನೆಸ್ ಸೆಟ್ ಇನ್’ ಅನ್ನಬಹುದಾ? ವ್ಯಾಕರಣದ ಅಡ್ಡಿ ಇಲ್ಲ. ಆದರೆ ಯಾರೂ ಅನ್ನುವುದಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ 1980ರ ದಶಕದಲ್ಲಿ ಕೋಬಿಲ್ಡ್ ಅನ್ನುವ ನಿಘಂಟು ಯೋಜನೆ ನಡೆಸಿದರು. ಪುಸ್ತಕ, ಪತ್ರಿಕೆ, ಮಾತು ಎಲ್ಲದರಿಂದ ಲಕ್ಷಗಟ್ಟಲೆ ಪದಗಳ ನಿಜವಾದ ಬಳಕೆಯನ್ನು ಕಂಪ್ಯೂಟರಿಗೆ ತುಂಬಿ, ಒಂದು ಪದ ಬಂದ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ನೋಡಿದರು. ಸೆಟ್ ಇನ್‌ನ ಎಡಕ್ಕೆ ಕೊಳೆತ, ಹತಾಶೆ, ಸೋಂಕು, ಕೆಟ್ಟ ಹವೆ. ಶುಭ ಅನ್ನುವಂಥದ್ದು ಅಪರೂಪ. ಈ ಪದ ಕೆಟ್ಟವರ ಸಹವಾಸದಲ್ಲಿ ಇದೆ ಅಂತ ಆ ಸಾಲುಗಳಲ್ಲಿ ಎದ್ದು ಕಂಡಿತು. ಬರೆಯುವವರಿಗೆ ಅದು ಗೊತ್ತಿರಲಿಲ್ಲ, ಸುಮ್ನೆ ಹಾಗೇ ಬರೆಯುತ್ತಿದ್ದರು.

ನಾನು ಇದನ್ನು ಓದಿದಾಗ ತಲೆಗೆ ಬಂದದ್ದು ನಮ್ಮ ‘ಹಿಡಿ’. ತುಕ್ಕು ಹಿಡಿಯಿತು. ಬೂಷ್ಟು ಹಿಡಿಯಿತು. ಹುಚ್ಚು ಹಿಡಿಯಿತು. ಶನಿ ಹಿಡಿಯಿತು. ಗ್ರಹಣ ಹಿಡಿಯಿತು. ಮಳೆ ಬೇಕಾದಾಗ ‘ಮಳೆ ಬಂತು’ ಅನ್ನುತ್ತೇವೆ. ಬೇಡ ಬೇಡ ಅಂದರೂ ನಿಲ್ಲದಿದ್ದಾಗ ‘ಮಳೆ ಹಿಡಿದುಬಿಟ್ಟಿದೆ’ ಅನ್ನುತ್ತೇವೆ. ನಗು ಹಿಡಿಯಿತು, ಆನಂದ ಹಿಡಿಯಿತು ಅನ್ನುವುದಿಲ್ಲ. ಯಾರು ಹೇಳಿಕೊಟ್ಟರು?

ಪದ ಎಂಥದ್ದು ಅಂತ ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ಅಂತ ನೋಡಿ ಎಂದು ಇಂಗ್ಲಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಅವರು ಚಿಕ್ಕ ವಯಸ್ಸಿನಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ನಮಗೆ ಇನ್ನೂ ಹತ್ತಿರದವರು ಇದ್ದಾರೆ. ಪುಣೆ ಹೆದ್ದಾರಿ ಹಿಡಿದರೆ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಕೊಲ್ಹಾಪುರ. ಅಲ್ಲಿಯ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿ ಅವರ ಮುಂದಾಳತ್ವದಲ್ಲಿ ಭಾರತದ ಇಂಗ್ಲಿಷಿನ ಮೊದಲ ದೊಡ್ಡ ಪಠ್ಯಕೋಶ ತಯಾರಾಯಿತು. 1978ರಲ್ಲಿ ಭಾರತದಲ್ಲಿ ಅಚ್ಚಾದ ಬರಹಗಳಿಂದ 500 ತುಣುಕು, ಒಂದೊಂದರಲ್ಲೂ ಸುಮಾರು 2,000 ಪದ, ಒಟ್ಟು 10 ಲಕ್ಷ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 1961ರ ಬರಹಗಳಿಂದ ಮಾಡಿದ್ದ ಅಷ್ಟೇ ದೊಡ್ಡ ಸಂಗ್ರಹದ ಪಕ್ಕ ಇಟ್ಟು ಹೋಲಿಸಲಿ ಅಂತ ಅದೇ ಅಳತೆಗೆ ಕತ್ತರಿಸಿದ್ದು. ಭಾಷೆ ಕಲಿಸುವವರ ಜಗತ್ತಿನಲ್ಲಿ ಕೊಲ್ಹಾಪುರದ ಹೆಸರು ಚಪ್ಪಲಿಗೆ ಇರುವಷ್ಟೇ ಇದಕ್ಕೂ ಇದೆ. ನಮ್ಮಲ್ಲಿ ಕೇಳಿದವರು ಕಡಿಮೆ.

ಹಾಗಾದರೆ ಕಲಿಯುವುದು ಹೇಗೆ? ‘500 ಫ್ರೇಸಲ್ ವರ್ಬ್ಸ್’ (ಕ್ರಿಯಾಪದಕ್ಕೆ ಸಣ್ಣ ಪದ ಅಂಟಿದ ಜೋಡಿಗಳು) ಅಂತ ಅಕಾರಾದಿಯಲ್ಲಿ ಹಂಚುವ ಝೆರಾಕ್ಸ್ ಹಾಳೆಗಳ ಮೇಲೆ ನನಗೆ ನಂಬಿಕೆ ಇಲ್ಲ. ಪುಟ್ ಆಫ್, ಪುಟ್ ಆನ್, ಪುಟ್ ಔಟ್ ಒಂದರ ಕೆಳಗೊಂದು ಓದಿದರೆ ರಾತ್ರಿಗೆಲ್ಲ ಕಲಸಿಹೋಗುತ್ತವೆ. ಪದವನ್ನು ಅದರ ಜೋಡಿಯ ಸಮೇತ, ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಡಿಪೆಂಡ್ ಅಂತ ಬರೆಯಬೇಡಿ. ‘ಇಟ್ ಡಿಪೆಂಡ್ಸ್ ಆನ್ ದ ರೇನ್’ ಅಂತ ಬರೆಯಿರಿ. ಪಕ್ಕದಲ್ಲಿ ಕನ್ನಡದ ಯಾವ ಪ್ರತ್ಯಯ ಎಳೆಯುತ್ತಿದೆ ಅಂತ ಒಂದು ಗುರುತು ಹಾಕಿ.

ಇನ್ನೊಂದು ಉಪಾಯ. ಪುಟ್ ಆಫ್, ಲುಕ್ ಆಫ್ಟರ್ ಎರಡೂ ನೋಡಲು ಒಂದೇ ಥರ. ನಡುವೆ ‘ಇಟ್’ ಹಾಕಿ ನೋಡಿ. ಪುಟ್ ಇಟ್ ಆಫ್ ಆಗುತ್ತದೆ, ಪುಟ್ ಆಫ್ ಇಟ್ ಆಗುವುದಿಲ್ಲ. ಲುಕ್ ಆಫ್ಟರ್ ಇಟ್ ಆಗುತ್ತದೆ, ಲುಕ್ ಇಟ್ ಆಫ್ಟರ್ ಆಗುವುದಿಲ್ಲ. ಮೊದಲನೆಯದರಲ್ಲಿ ಆಫ್ ಕ್ರಿಯಾಪದದ ಪಾಲು, ಬಾಯಲ್ಲಿ ಅದನ್ನು ಒತ್ತಿ ಹೇಳುತ್ತಾರೆ. ಎರಡನೆಯದರಲ್ಲಿ ಆಫ್ಟರ್ ಮುಂದಿನ ನಾಮಪದದ ಪಾಲು. ಕಿವಿಯಿಂದ ಕಲಿತವರಿಗೆ ಇದು ತಾನಾಗಿ ಬರುತ್ತದೆ. ಕಣ್ಣಿನಿಂದ ಕಲಿತ ನಮಗೆ ಬರುವುದಿಲ್ಲ. ಹಾಗಾಗಿ ಕ್ರಿಕೆಟ್ ಕಾಮೆಂಟರಿ ಕೇಳಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಮನೆಯಲ್ಲಿ ಬೈದರೆ ನನ್ನ ಹೆಸರು ಹೇಳಿ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಶಿಕ್ಷಕರು ಕೇಳಿದರು: ‘ಸರ್, ಕೋಪ್ ಅಪ್ ವಿತ್ ಅಂತ ಪೇಪರಿನ್ಯಾಗೂ ಬರ್ತೈತಿ. ಅದು ತಪ್ಪೋ ಸರಿಯೋ?’

ಪರೀಕ್ಷೆಯಲ್ಲಿ ತಪ್ಪು, ಕೋಪ್ ವಿತ್ ಅಂತಲೇ ಬರೆಸಿ. ಆದರೆ ಆ ಅಪ್ ಸುಮ್ನೆ ಬಂದದ್ದಲ್ಲ. ಈಟ್ ಅಪ್, ಯೂಸ್ ಅಪ್, ಡ್ರೈ ಅಪ್ ಇವುಗಳಲ್ಲಿ ಅಪ್ ಅಂದರೆ ಮೇಲೆ ಅಲ್ಲ, ಪೂರ್ತಿ ಅಂತ. ನಮ್ಮ ‘ಬಿಡು’ ಮಾಡುವ ಕೆಲಸ ಅದೇ. ತಿಂದುಬಿಡು ಅಂದರೆ ಈಟ್ ಇಟ್ ಅಪ್. ಅಲ್ಲಿ ಬಿಡುವುದು ಏನೂ ಇಲ್ಲ, ಇಲ್ಲಿ ಮೇಲೆ ಏನೂ ಇಲ್ಲ. ನಮ್ಮವರಿಗೆ ಆ ಅಪ್ ಮನಸ್ಸಿಗೆ ಹಿಡಿಸಿದೆ, ಕೋಪ್‌ಗೂ ಅಂಟಿಸಿದ್ದಾರೆ. ಪುಟ್ ಅಪ್ ವಿತ್, ಕ್ಯಾಚ್ ಅಪ್ ವಿತ್ ಪಕ್ಕದಲ್ಲೇ ಇವೆಯಲ್ಲ, ಅವುಗಳ ಗಾಳಿಯೂ ತಾಗಿದೆ.

ಇನ್ನೊಬ್ಬ ಹುಡುಗಿ: ‘ಸೀನಿಯರ್ ದ್ಯಾನ್ ಮಿ ಅಂದ್ರ ಯಾಕ ತಪ್ಪು? ಟಾಲರ್ ದ್ಯಾನ್ ಅಂತೀವಲ್ರಿ.’

ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಲ್ಯಾಟಿನ್ನಿನಲ್ಲೇ ಹೋಲಿಕೆಯ ರೂಪಗಳು. ‘ಇನ್ನೂ ಹಿರಿಯ’, ‘ಇನ್ನೂ ಕಿರಿಯ’ ಅನ್ನುವ ಅರ್ಥ ಒಳಗೇ ಇದೆ. ಇಂಗ್ಲಿಷಿನಲ್ಲಿ ಅವುಗಳ ಜೋಡಿ ಟು. ಪ್ರಿಫರ್ ಕೂಡ ಹಾಗೇ: ಪ್ರಿಫರ್ ಟೀ ಟು ಕಾಫಿ. ಈ ನಾಲ್ಕೈದನ್ನು ಹಾಗೇ ನೆನಪಿಡು ತಂಗಿ, ಪ್ರಶ್ನೆಪತ್ರಿಕೆಯವರಿಗೂ ಇವು ತುಂಬಾ ಇಷ್ಟ. ಡಿಫರೆಂಟ್ ವಿಷಯ ಬೇರೆ. ಫ್ರಮ್ ಎಲ್ಲ ಕಡೆ ನಡೆಯುತ್ತದೆ, ಬ್ರಿಟನ್ನಿನಲ್ಲಿ ಟು ಕೂಡ ಅನ್ನುತ್ತಾರೆ, ಅಮೆರಿಕದಲ್ಲಿ ದ್ಯಾನ್ ಕೂಡ. ಪರೀಕ್ಷೆಗೆ ಫ್ರಮ್ ಬರಿ.

ಕೊನೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ತಮ್ಮ ಪತ್ರಗಳ ಬಗ್ಗೆ ಕೇಳಿದರು. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು ಅಂತ ಬರೀತೀನ್ರಿ. ಮ್ಯಾನೇಜರ್ ಮೀಟಿಂಗ್ ಅಂತ ತಿದ್ದತಾರ. ಟು ಆದಮ್ಯಾಲೆ ಐಎನ್‌ಜಿ ಹೆಂಗ ಬರ್ತದ?’

ಎರಡು ಟು ಇವೆ. ‘ಐ ವಾಂಟ್ ಟು ಗೋ’ದಲ್ಲಿ ಇರುವ ಟು ಕ್ರಿಯಾಪದದ ಗುರುತು. ಲುಕ್ ಫಾರ್ವರ್ಡ್ ಟುನಲ್ಲಿ ಇರುವುದು ಪ್ರಿಪೊಸಿಶನ್, ಅದಕ್ಕೆ ನಾಮಪದ ಬೇಕು, ಮೀಟಿಂಗ್ ಆ ಕೆಲಸ ಮಾಡುತ್ತದೆ. ಯಾವ ಟು ಅಂತ ಗೊತ್ತಾಗದಿದ್ದರೆ ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ದ ಸವದತ್ತಿ ಜಾತ್ರೆ’ ಅನ್ನಬಹುದಲ್ವಾ? ಹಾಗಾದರೆ ಐಎನ್‌ಜಿ ಹಾಕಿ. ‘ಐ ವಾಂಟ್ ಟು ದ ಜಾತ್ರೆ’ ಅನ್ನಲಾಗುವುದಿಲ್ಲ, ಅಲ್ಲಿ ಐಎನ್‌ಜಿ ಬೇಡ. ಯೂಸ್ಡ್ ಟು ಎರಡೂ ಥರ ಬರುತ್ತದೆ. ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಅಂದರೆ ಮೊದಲು ಐದಕ್ಕೆ ಏಳುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅಟ್ ಫೈವ್’ ಅಂದರೆ ಐದಕ್ಕೆ ಏಳುವುದು ರೂಢಿಯಾಗಿದೆ. ನಿಮ್ಮ ಮ್ಯಾನೇಜರ್ ತಿದ್ದಿದ್ದು ಸರಿ ಇದೆ. ಅವರ ಪತ್ರದಲ್ಲಿ ‘ಕೈಂಡ್ಲಿ ರಿವರ್ಟ್ ಬ್ಯಾಕ್’ ಅಂತ ಇದ್ದರೆ ನೀವೂ ತಿದ್ದಬಹುದು, ರಿವರ್ಟ್ ಒಳಗೇ ಬ್ಯಾಕ್ ಇದೆ.